ವಿಂಡೋಸ್ 11 ಹಾಕಿಸುವ ಮೊದಲು: ನುಡಿ ಫೈಲುಗಳು, ಹಳೇ ಹಾರ್ಡ್ ಡಿಸ್ಕ್ ಮತ್ತು ಆ ಟಿಪಿಎಂ

ಪ್ರಶ್ನೆ: ನಾನು ಹಾಸನದ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮನೆಯಲ್ಲಿ 2019ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ. ಇಂಟೆಲ್ ಐ5 ಒಂಬತ್ತನೇ ಜನರೇಶನ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಡಿಸ್ಕಿನಲ್ಲಿ ಸಿ, ಡಿ, ಇ ಎಂಬ ಮೂರು ಡ್ರೈವ್‌ಗಳಿವೆ. ವಿಂಡೋಸ್ 10 ನಡೆಯುತ್ತಿದೆ. ಅದಕ್ಕೆ ಸಪೋರ್ಟ್ ಮುಗಿದಿದೆ, ವಿಂಡೋಸ್ 11 ಹಾಕಿಸಿ ಅಂತ ಮಗಳು ಹೇಳುತ್ತಿದ್ದಾಳೆ. ಪರೀಕ್ಷೆ ಮಾಡುವ ಆ್ಯಪ್ ಹಾಕಿ ನೋಡಿದರೆ ಟಿಪಿಎಂ 2.0 ಇಲ್ಲ, ಸೆಕ್ಯೂರ್ ಬೂಟ್ ಇಲ್ಲ ಎಂದು ಬಂತು. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಹಾಕಿಕೊಡುತ್ತೇವೆ ಅನ್ನುತ್ತಾರೆ. ಹದಿನೈದು ವರ್ಷದ ಫೋಟೋಗಳು, ನುಡಿಯಲ್ಲಿ ಟೈಪ್ ಮಾಡಿದ ನನ್ನ ಬರಹಗಳು, ಮನೆಯವರ ಸ್ವಸಹಾಯ ಸಂಘದ ಲೆಕ್ಕ ಎಲ್ಲವೂ ಇದರಲ್ಲೇ ಇವೆ. ಏನೇನು ತಯಾರಿ ಬೇಕು? ಜೊತೆಗೆ 2014ರ ಐ3 ಲ್ಯಾಪ್‌ಟಾಪ್ ಒಂದಿದೆ. ಅದನ್ನೇನು ಮಾಡಲಿ?

ಉತ್ತರ:

ನಮಸ್ಕಾರ ಮೇಷ್ಟ್ರೇ. ಮೊದಲು ಸಮಾಧಾನದ ಸುದ್ದಿ ಹೇಳಿಬಿಡುತ್ತೇನೆ. ನಿಮ್ಮ ಡೆಸ್ಕ್‌ಟಾಪಿಗೆ ವಿಂಡೋಸ್ 11 ಹಾಕಬಹುದು. ಹೊಸ ಕಂಪ್ಯೂಟರ್ ಕೊಳ್ಳಬೇಕಿಲ್ಲ. ಇಂಟೆಲ್‌ನಲ್ಲಿ ಎಂಟನೇ ಜನರೇಶನ್ನಿನಿಂದ ಈಚಿನ ಪ್ರೊಸೆಸರುಗಳನ್ನು ಮೈಕ್ರೋಸಾಫ್ಟ್ ಒಪ್ಪುತ್ತದೆ, ನಿಮ್ಮದು ಒಂಬತ್ತನೆಯದು. ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಸೆಕ್ಯೂರಿಟಿ ವ್ಯವಸ್ಥೆ ಇಲ್ಲ ಎಂದು ಬಂದಿದೆಯಲ್ಲ, ಬಹುಮಟ್ಟಿಗೆ ಅದು ಮದರ್‌ಬೋರ್ಡಿನಲ್ಲಿ ಇದ್ದೂ ಆಫ್ ಆಗಿದೆ. ಆ ಕಾಲದ ಅಸೆಂಬಲ್ ಮಾಡಿದ ಮೆಷಿನ್‌ಗಳಲ್ಲಿ ಇದು ತೀರಾ ಸಾಮಾನ್ಯ.

ಆದರೆ ಅಂಗಡಿಯವರಿಗೆ ಫಾರ್ಮ್ಯಾಟ್ ಮಾಡಲು ಈಗಲೇ ಹೂಂ ಅನ್ನಬೇಡಿ. ವಿಂಡೋಸ್ ಕೆಟ್ಟರೆ ಇನ್ನೊಮ್ಮೆ ಹಾಕಬಹುದು, ಹತ್ತು ಸಲ ಬೇಕಾದರೂ ಹಾಕಬಹುದು. ನಿಮ್ಮ ಬರಹ, ಫೋಟೋ ಹೋದರೆ ಮತ್ತೆ ಬರುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ಮುಕ್ಕಾಲು ಪಾಲು ಹೊತ್ತು ಫೈಲುಗಳಿಗೇ ಹೋಗಬೇಕು.

ಅವಸರವೂ ಇಲ್ಲ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು ನಿಜ. ಮುಗಿದದ್ದು ಸೆಕ್ಯೂರಿಟಿ ಅಪ್‌ಡೇಟ್. ಮೆಷಿನ್ ನಿಲ್ಲುವುದಿಲ್ಲ, ಆದರೆ ಹೊಸದಾಗಿ ಪತ್ತೆಯಾಗುವ ತೂತುಗಳನ್ನು ಮುಚ್ಚುವವರಿರುವುದಿಲ್ಲ. ಇದಕ್ಕೂ ದಾರಿ ಇದೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಮುಂದುವರಿಸುವ ಇಎಸ್‌ಯು ಎಂಬ ಯೋಜನೆಯನ್ನು ಮೈಕ್ರೋಸಾಫ್ಟ್ ಇಟ್ಟಿದೆ. ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಎನ್‌ರೋಲ್ ನೌ ಎಂಬ ಲಿಂಕ್ ಕಾಣುತ್ತದೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಸೈನ್ ಇನ್ ಆಗಿ ನಿಮ್ಮ ಸೆಟ್ಟಿಂಗ್‌ಗಳ ಬ್ಯಾಕಪ್‌ಗೆ ಒಪ್ಪಿದರೆ ದುಡ್ಡು ಕೊಡಬೇಕಿಲ್ಲ. ಬ್ಯಾಕಪ್ ಬೇಡ ಅನ್ನುವವರಿಗೆ 30 ಡಾಲರ್ ಅಥವಾ 1,000 ರಿವಾರ್ಡ್ಸ್ ಪಾಯಿಂಟ್‌ಗಳ ದಾರಿ ಇದೆ. ಒಂದೇ ಅಕೌಂಟಿನಲ್ಲಿ 10 ಮೆಷಿನ್‌ಗಳವರೆಗೆ ಸೇರಿಸಬಹುದು. ಇವತ್ತೇ ನಿಮ್ಮ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್ ಎರಡನ್ನೂ ಸೇರಿಸಿಬಿಡಿ. ಆಮೇಲೆ ಉಳಿದ ಕೆಲಸವನ್ನು ನಿಧಾನವಾಗಿ, ಸರಿಯಾಗಿ ಮಾಡಬಹುದು.

ಈಗ ಕಾಪಿಯ ವಿಚಾರ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇಕು, 1 ಟಿಬಿ ಸಾಕು. ಡಿ ಡ್ರೈವಿನಿಂದ ಇ ಡ್ರೈವಿಗೆ ಕಾಪಿ ಮಾಡಿ ಬ್ಯಾಕಪ್ ಆಯಿತು ಅಂದುಕೊಳ್ಳುವವರು ಬಹಳ ಜನ. ನಿಮ್ಮ ಮೂರು ಡ್ರೈವ್‌ಗಳೂ ಒಂದೇ ಡಿಸ್ಕಿನ ತುಂಡುಗಳು. ಡಿಸ್ಕ್ ಹೋದರೆ ಮೂರೂ ಒಟ್ಟಿಗೇ ಹೋಗುತ್ತವೆ. ಒನ್‌ಡ್ರೈವ್ ಇದೆಯಲ್ಲ ಅನ್ನಬಹುದು. ಅದರಲ್ಲಿ ಪುಕ್ಕಟೆಯಾಗಿ ಸಿಗುವುದು 5 ಜಿಬಿ ಮಾತ್ರ. ಸಾಲದ್ದಕ್ಕೆ ಅದು ಇಲ್ಲಿ ಆದದ್ದನ್ನು ಅಲ್ಲೂ ಮಾಡುತ್ತದೆ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ. ಬರಹಗಳನ್ನು ಅಲ್ಲಿ ಇನ್ನೊಂದು ಪ್ರತಿಯಾಗಿ ಇಡಿ, ಒಳ್ಳೆಯದೇ. ಅದೊಂದನ್ನೇ ನಂಬಬೇಡಿ.

ಕಾಪಿ ಮಾಡುವ ಮೊದಲು ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಪ್ರೋಗ್ರಾಂ ಇದೆ. ತೆರೆದ ಕೂಡಲೇ ಗುಡ್, ಕಾಷನ್ ಅಥವಾ ಬ್ಯಾಡ್ ಎಂದು ತೋರಿಸುತ್ತದೆ. ಗುಡ್ ಇದ್ದರೆ ಮುಂದುವರಿಯಿರಿ. ಕಾಷನ್ ಬಂದರೆ ಡಿಸ್ಕಿನಲ್ಲಿ ಕೆಲವು ಜಾಗ ಕೆಟ್ಟಿದೆ ಎಂದರ್ಥ. ಆಗ ರಿಪೇರಿ ಮಾಡೋಣ ಅಂತ ಚೆಕ್ ಡಿಸ್ಕ್ ಓಡಿಸಲು ಹೋಗಬೇಡಿ. ಅದು ಇಡೀ ಡಿಸ್ಕನ್ನು ಗಂಟೆಗಟ್ಟಲೆ ಉಜ್ಜುತ್ತದೆ, ಸೋತ ಡಿಸ್ಕ್ ಅಷ್ಟರಲ್ಲೇ ನಿಂತುಹೋಗಬಹುದು. ಮೊದಲು ಕಾಪಿ, ರಿಪೇರಿ ಆಮೇಲೆ. ಕಾಪಿ ಮಾಡುವಾಗಲೂ ಕ್ರಮ ಮುಖ್ಯ. ನಿಮ್ಮ ಬರಹಗಳು ಮೊದಲು, ಲೆಕ್ಕದ ಫೈಲುಗಳು ಆಮೇಲೆ, ನಂತರ ಫೋಟೋ, ಕೊನೆಗೆ ವಿಡಿಯೋ. ಸಿನಿಮಾ, ಹಾಡುಗಳಿದ್ದರೆ ಅವು ಆಮೇಲೂ ಸಿಗುತ್ತವೆ.

ಡಿ ಮತ್ತು ಇ ಡ್ರೈವನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಸಿ ಡ್ರೈವಿನಲ್ಲಿರುವುದನ್ನು. ಡೆಸ್ಕ್‌ಟಾಪಿನ ಮೇಲೆ ಕಾಣುವ ಫೈಲುಗಳು, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲವೂ ಇರುವುದು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ. ಅಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ, ಅದನ್ನು ಇಡಿಯಾಗಿ ಕಾಪಿ ಮಾಡಿ. ಪಕ್ಕದಲ್ಲೇ ಪಬ್ಲಿಕ್ ಎಂಬ ಫೋಲ್ಡರ್ ಇರುತ್ತದೆ, ಅದನ್ನೂ ತೆಗೆದುಕೊಳ್ಳಿ. ಕೆಲವು ಪ್ರೋಗ್ರಾಂಗಳು ಡೇಟಾವನ್ನು ಅಲ್ಲಿಡುತ್ತವೆ. ಸಂಘದ ಲೆಕ್ಕ ಎಕ್ಸೆಲ್‌ನಲ್ಲಿದ್ದರೆ ಫೈಲ್ ಎಲ್ಲಿದೆ ಎಂದು ಮನೆಯವರನ್ನೇ ಕೂರಿಸಿಕೊಂಡು ತೆರೆಸಿ ನೋಡಿ. ಎಕ್ಸೆಲ್‌ನಲ್ಲಿ ಇತ್ತೀಚಿನ ಫೈಲುಗಳ ಪಟ್ಟಿಯಿಂದ ತೆರೆದು ತೆರೆದು, ಅದು ನಿಜವಾಗಿ ಯಾವ ಫೋಲ್ಡರಿನಲ್ಲಿದೆ ಎಂಬುದೇ ಮರೆತುಹೋಗಿರುತ್ತದೆ. ಲೆಕ್ಕಕ್ಕೆ ಟ್ಯಾಲಿ ಬಳಸುತ್ತಿದ್ದರೆ ಡೇಟಾ ಕಾಪಿ ಮಾಡಿದರೆ ಸಾಲದು, ಲೈಸೆನ್ಸನ್ನು ಅದರ ಒಳಗಿಂದಲೇ ಸರೆಂಡರ್ ಮಾಡಿ, ಹೊಸ ವಿಂಡೋಸ್‌ನಲ್ಲಿ ಮತ್ತೆ ಆ್ಯಕ್ಟಿವೇಟ್ ಮಾಡಿಕೊಳ್ಳಿ.

ದೊಡ್ಡ ವಿಡಿಯೋ ಕಾಪಿ ಆಗದೆ, ಫೈಲ್ ತೀರಾ ದೊಡ್ಡದು ಎಂದು ಬಂದರೆ ಗಾಬರಿಯಾಗಬೇಡಿ. ಜಾಗ ಇದ್ದರೂ ಹೀಗಾಗುತ್ತದೆ. ಪೆನ್‌ಡ್ರೈವ್ ಅಥವಾ ಡಿಸ್ಕ್ ಫ್ಯಾಟ್32 ಎಂಬ ಹಳೇ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲನ್ನು ಅದು ಹಿಡಿಸಿಕೊಳ್ಳುವುದಿಲ್ಲ. ಮದುವೆ ವಿಡಿಯೋಗಳು ಸಿಕ್ಕಿಬೀಳುವುದು ಇಲ್ಲೇ. ಎಕ್ಸ್‌ಟರ್ನಲ್ ಡಿಸ್ಕ್ ಖಾಲಿ ಇರುವಾಗಲೇ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಂಡರೆ ಈ ತೊಂದರೆ ಇಲ್ಲ.

ಕಾಪಿ ಮುಗಿಯಿತು ಎಂದ ಮೇಲೆ ಪರೀಕ್ಷೆ ಮಾಡಿ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಎಷ್ಟು ಫೈಲುಗಳಿವೆ, ಒಟ್ಟು ಎಷ್ಟು ಜಿಬಿ ಎಂದು ತಿಳಿಯುತ್ತದೆ. ಎರಡೂ ಕಡೆ ಲೆಕ್ಕ ತಾಳೆಯಾಗಬೇಕು. ಆಮೇಲೆ ಎಕ್ಸ್‌ಟರ್ನಲ್ ಡಿಸ್ಕನ್ನು ನಿಮ್ಮ ಹಳೇ ಲ್ಯಾಪ್‌ಟಾಪಿಗೆ ಹಾಕಿ. ತೀರಾ ಹಳೇ ಫೋಟೋ ಒಂದಷ್ಟು, ದೊಡ್ಡ ವಿಡಿಯೋ ಒಂದು, ಲೆಕ್ಕದ ಫೈಲು, ನಿಮ್ಮ ಲೇಖನಗಳು, ಇವನ್ನು ತೆರೆದು ನೋಡಿ. ಇದನ್ನು ದಯವಿಟ್ಟು ಬಿಡಬೇಡಿ. ಕಾಪಿ ಆದ ಡಿಸ್ಕ್ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದುಕೊಂಡರೆ ಮಾತ್ರ ಅದನ್ನು ಬ್ಯಾಕಪ್ ಅಂತ ಲೆಕ್ಕಕ್ಕೆ ಹಿಡಿಯಿರಿ.

ಲ್ಯಾಪ್‌ಟಾಪಿನಲ್ಲಿ ನಿಮ್ಮ ಲೇಖನ ತೆರೆದಾಗ ಒಂದು ಆಶ್ಚರ್ಯ ಕಾದಿರಬಹುದು. ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಮೇಲೆ ಟೊಪ್ಪಿ, ಚುಕ್ಕಿ ಇಟ್ಟಂಥ ಏನೇನೋ ಗೀಚು ಕಾಣಬಹುದು. ಫೈಲ್ ಕೆಟ್ಟಿಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಯಾಕೆಂದರೆ ಬೇರೆ ಭಾಷೆಯಲ್ಲಿ ಬರೆದ ಅಪ್‌ಗ್ರೇಡ್ ಸಲಹೆಗಳಲ್ಲಿ ಇದು ಇರುವುದೇ ಇಲ್ಲ, ನಮ್ಮವರು ಕಳೆದುಕೊಳ್ಳುವುದು ಇಲ್ಲೇ ಜಾಸ್ತಿ.

ಕನ್ನಡ ಗಣಕ ಪರಿಷತ್ತಿನ ನುಡಿಯಾಗಲಿ, ಬರಹ ತಂತ್ರಾಂಶವಾಗಲಿ, ಪ್ರತಿ ಅಕ್ಷರಕ್ಕೂ ಎಲ್ಲ ಮೆಷಿನ್‌ಗಳಲ್ಲೂ ಒಂದೇ ಸಂಕೇತವಿರುವ ಯೂನಿಕೋಡ್ ಬಳಕೆಗೆ ಬರುವ ಮೊದಲು ಒಂದು ಉಪಾಯ ಮಾಡಿಕೊಂಡಿದ್ದವು. ಫೈಲಿನ ಒಳಗೆ ಕೂರುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಆ ಸಂಕೇತಗಳಿಗೆ ಕನ್ನಡದ ರೂಪ ಕೊಡುತ್ತಿದ್ದುದು ಫಾಂಟ್. ನುಡಿ 01 ಇ, ಬಿಆರ್‌ಎಚ್ ಕನ್ನಡ ಮುಂತಾದವು ಅಂಥ ಫಾಂಟುಗಳು. ಆ ಫಾಂಟ್ ಇರುವ ಮೆಷಿನ್‌ನಲ್ಲಿ ಚೆಂದದ ಕನ್ನಡ ಕಾಣುತ್ತದೆ. ಇಲ್ಲದ ಮೆಷಿನ್‌ನಲ್ಲಿ ಗೀಚು. ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ಫಾಂಟುಗಳು ಸಾಮಾನ್ಯವಾಗಿ ಉಳಿಯುತ್ತವೆ. ಹೊಸದಾಗಿ ಹಾಕಿದರೆ, ಅಂಗಡಿಯವರು ಹೇಳಿದಂತೆ ಫಾರ್ಮ್ಯಾಟ್ ಮಾಡಿಸಿದರೆ, ಎಲ್ಲವೂ ಹೋಗುತ್ತವೆ. ಆ ಗೀಚನ್ನು ನೋಡಿ ವೈರಸ್ ಬಂದಿದೆ ಅಂದುಕೊಂಡು ಫೈಲುಗಳನ್ನೇ ಅಳಿಸಿದವರಿದ್ದಾರೆ.

ಆದ್ದರಿಂದ ಈಗಲೇ ಹೀಗೆ ಮಾಡಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗೆ ಫಾಂಟ್ಸ್ ಎಂಬ ಫೋಲ್ಡರ್ ಇದೆ. ಅಲ್ಲಿಂದ ನುಡಿ, ಬರಹ, ಮತ್ತೆ ನೀವು ಬಳಸಿದ ಬೇರೆ ಕನ್ನಡ ಫಾಂಟುಗಳನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ಹಾಕಿಕೊಳ್ಳಿ. ನುಡಿಯ ಇನ್‌ಸ್ಟಾಲರ್ ಫೈಲ್ ಇದ್ದರೆ ಅದನ್ನೂ ಇಡಿ. ಇಷ್ಟು ಮಾಡಿದರೆ ಹಳೇ ಫೈಲುಗಳನ್ನು ಓದುವ ದಾರಿ ನಿಮ್ಮ ಕೈಯಲ್ಲಿರುತ್ತದೆ. ಆಮೇಲೆ ಮುಖ್ಯವಾದ ಬರಹಗಳನ್ನು ವರ್ಡ್‌ನಲ್ಲಿ ತೆರೆದು ಪಿಡಿಎಫ್ ಆಗಿ ಸೇವ್ ಮಾಡಿ. ಪಿಡಿಎಫ್ ತನ್ನೊಳಗೇ ಫಾಂಟನ್ನು ಇಟ್ಟುಕೊಳ್ಳುತ್ತದೆ, ಮೊಮ್ಮಕ್ಕಳ ಫೋನಿನಲ್ಲೂ ಹಾಗೇ ಕಾಣುತ್ತದೆ. ಶಾಲೆಯ ಸ್ಮರಣ ಸಂಚಿಕೆಯೋ ಆಮಂತ್ರಣ ಪತ್ರಿಕೆಯೋ ಪೇಜ್‌ಮೇಕರ್‌ನಲ್ಲಿ ಮಾಡಿದ್ದು ಉಳಿದಿದ್ದರೆ ಅದನ್ನು ಇನ್ನೂ ಮುತುವರ್ಜಿಯಿಂದ ಪಿಡಿಎಫ್ ಮಾಡಿ. ಆ ಪ್ರೋಗ್ರಾಂ ನಿಂತುಹೋಗಿ ಎಷ್ಟೋ ವರ್ಷವಾಯಿತು. ಹೊಸ ವಿಂಡೋಸ್‌ನಲ್ಲಿ ಅದು ಮತ್ತೆ ಓಡುತ್ತದೆ ಎಂದು ನೆಚ್ಚಿಕೊಳ್ಳಬೇಡಿ.

ಬಿಡುವಿದ್ದಾಗ ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿ. ನುಡಿ ಮತ್ತು ಬರಹದ ಜೊತೆಗೇ ಪರಿವರ್ತಕಗಳು ಬರುತ್ತವೆ. ಪರಿವರ್ತನೆಯಾದದ್ದನ್ನು ಒಮ್ಮೆ ಓದಬೇಕು. ಒತ್ತಕ್ಷರ, ಅರ್ಕಾವತ್ತು, ಅಂಕಿಗಳು ಇರುವ ಕಡೆ ಅಲ್ಲಲ್ಲಿ ಎಡವುತ್ತವೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡದ ಗೀಚಾಗುವುದುಂಟು. ಹಾಗಾಗಿ ಮೂಲ ಫೈಲನ್ನು ಅಳಿಸದೆ ಪಕ್ಕದಲ್ಲೇ ಇಟ್ಟುಕೊಳ್ಳಿ. ಇದು ಇವತ್ತೇ ಮುಗಿಯಬೇಕಾದ ಕೆಲಸವಲ್ಲ. ಫಾಂಟುಗಳನ್ನು ಎತ್ತಿಡುವುದು ಮಾತ್ರ ಇವತ್ತೇ ಆಗಬೇಕು.

ಮುಂದೆ ಟೈಪ್ ಮಾಡುವುದು ಹೇಗೆ ಎಂಬ ಚಿಂತೆ ಬೇಡ. ವಿಂಡೋಸ್ 11ರಲ್ಲಿ ಕನ್ನಡ ಕೀಬೋರ್ಡ್ ಮೊದಲೇ ಇದೆ, ಇಂಗ್ಲಿಷ್ ಉಚ್ಚಾರಣೆಯಂತೆ ಒತ್ತಿ ಕನ್ನಡ ಪಡೆಯುವ ಫೊನೆಟಿಕ್ ಕೀಬೋರ್ಡೂ ಇದೆ. ನಿರ್ಮಲಾ ಯುಐ ಫಾಂಟ್ ಜೊತೆಗೇ ಬರುತ್ತದೆ. ಹಳೆಯ ಯೂನಿಕೋಡ್ ಫೈಲುಗಳಲ್ಲಿ ತುಂಗಾ ಫಾಂಟ್ ಬಳಸಿದ್ದರೆ ಅದು ತಾನಾಗಿ ಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿಕೊಳ್ಳಿ. ವರ್ಡ್‌ಪ್ಯಾಡ್‌ನಲ್ಲಿ ಬರೆಯುವ ಅಭ್ಯಾಸವಿದ್ದರೆ ಇನ್ನೊಂದು ಮಾತು. 24ಎಚ್2 ಆವೃತ್ತಿಯಿಂದ ಅದನ್ನು ತೆಗೆದುಹಾಕಿದ್ದಾರೆ. ಆ ಫೈಲುಗಳು ವರ್ಡ್‌ನಲ್ಲೋ ಉಚಿತವಾದ ಲಿಬ್ರೆ ಆಫೀಸ್‌ನಲ್ಲೋ ತೆರೆಯುತ್ತವೆ.

ಈಗ ಟಿಪಿಎಂ. ಇದು ಗುಟ್ಟಿನ ಕೀಲಿಗಳನ್ನು ಇಟ್ಟುಕೊಳ್ಳುವ ಒಂದು ಸಣ್ಣ ವ್ಯವಸ್ಥೆ. ನಿಮ್ಮ ಕಾಲದ ಇಂಟೆಲ್ ಮೆಷಿನ್‌ಗಳಲ್ಲಿ ಇದಕ್ಕೆ ಬೇರೆ ಚಿಪ್ ಬೇಕಿಲ್ಲ, ಒಳಗೇ ಇರುತ್ತದೆ. ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟಗಳಲ್ಲಿ, ಅದರ ಹೆಸರು ಪಿಟಿಟಿ. ಎಎಂಡಿ ಮೆಷಿನ್ ಇರುವವರು ಎಫ್‌ಟಿಪಿಎಂ ಎಂದು ಹುಡುಕಬೇಕು. ಕಂಪ್ಯೂಟರ್ ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಕೀಯನ್ನು ಒತ್ತುತ್ತಿದ್ದರೆ ಬಯಾಸ್ ತೆರೆಯುತ್ತದೆ. ಅಸೂಸ್ ಬೋರ್ಡ್ ಆದರೆ ಅಡ್ವಾನ್ಸ್ಡ್ ವಿಭಾಗದ ಪಿಸಿಎಚ್-ಎಫ್‌ಡಬ್ಲ್ಯು ಕಾನ್ಫಿಗರೇಶನ್‌ನಲ್ಲಿ ನೋಡಿ. ಎಂಎಸ್ಐ ಆದರೆ ಸೆಕ್ಯೂರಿಟಿ ವಿಭಾಗದ ಟ್ರಸ್ಟೆಡ್ ಕಂಪ್ಯೂಟಿಂಗ್‌ನಲ್ಲಿ. ಗಿಗಾಬೈಟ್ ಬೋರ್ಡುಗಳಲ್ಲಿ ಇಂಟೆಲ್ ಪ್ಲಾಟ್‌ಫಾರ್ಮ್ ಟ್ರಸ್ಟ್ ಟೆಕ್ನಾಲಜಿ ಎಂದು ಪೂರ್ತಿ ಹೆಸರಿನಲ್ಲೇ ಇರುತ್ತದೆ. ಅದನ್ನು ಎನೇಬಲ್ ಮಾಡಿ ಸೇವ್ ಮಾಡಿದರೆ ಟಿಪಿಎಂ ಕಾಣಿಸಿಕೊಳ್ಳುತ್ತದೆ. ಈ ಹೆಜ್ಜೆಯಿಂದ ನಿಮ್ಮ ಈಗಿನ ವಿಂಡೋಸ್‌ಗೆ ಏನೂ ತೊಂದರೆಯಿಲ್ಲ. ಬದಲಾಯಿಸುವ ಮೊದಲು ಪ್ರತಿ ಪುಟದ ಫೋಟೋವನ್ನು ಫೋನಿನಲ್ಲಿ ತೆಗೆದುಕೊಳ್ಳಿ, ಹಿಂದಕ್ಕೆ ಹೋಗಬೇಕಾದರೆ ದಾರಿ ಗೊತ್ತಿರುತ್ತದೆ.

ಮೆಷಿನ್ ಎದ್ದೇಳುವಾಗ ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಓಡುವಂತೆ ಕಾಯುವ ಸೆಕ್ಯೂರ್ ಬೂಟ್ ಅಷ್ಟು ಸುಲಭವಲ್ಲ. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಂ ಇನ್ಫರ್ಮೇಶನ್ ಎಂದು ಹುಡುಕಿ ತೆರೆಯಿರಿ. ಬಯಾಸ್ ಮೋಡ್ ಎಂಬಲ್ಲಿ ಯುಇಎಫ್ಐ (ಮೆಷಿನ್ ಎದ್ದೇಳುವ ಹೊಸ ಕ್ರಮ) ಎಂದಿದೆಯೋ ಲೆಗಸಿ (ಹಳೇ ಕ್ರಮ) ಎಂದಿದೆಯೋ ನೋಡಿ. ಯುಇಎಫ್ಐ ಇದ್ದರೆ ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಮಾಡಿದರೆ ಸಾಕು. ನಿಮ್ಮ ವಿವರಣೆ ನೋಡಿದರೆ ಲೆಗಸಿ ಇರುವ ಸಾಧ್ಯತೆ ಜಾಸ್ತಿ. ಅಂದರೆ ಡಿಸ್ಕನ್ನು ಎಂಬಿಆರ್ ಎಂಬ ಹಳೇ ಕ್ರಮದಲ್ಲಿ ಭಾಗ ಮಾಡಿದ್ದಾರೆ. ಯುಇಎಫ್ಐಗೆ ಜಿಪಿಟಿ ಕ್ರಮ ಬೇಕು. ಡಿಸ್ಕನ್ನು ಬದಲಿಸದೆ ಬಯಾಸ್‌ನಲ್ಲಿ ಹಳೇ ಕ್ರಮಕ್ಕೆ ಅವಕಾಶ ಕೊಡುವ ಸಿಎಸ್‌ಎಂ ಎಂಬುದನ್ನು ಆಫ್ ಮಾಡಿಬಿಟ್ಟರೆ ವಿಂಡೋಸ್ ತೆರೆಯುವುದೇ ಇಲ್ಲ, ಬೂಟ್ ಡಿವೈಸ್ ಇಲ್ಲ ಎಂದು ಬರುತ್ತದೆ. ಹಾಗೇನಾದರೂ ಆದರೆ ಹೆದರಬೇಡಿ. ಸಿಎಸ್‌ಎಂ ಮತ್ತೆ ಆನ್ ಮಾಡಿ, ಮೊದಲಿನಂತೆ ತೆರೆಯುತ್ತದೆ. ಫೈಲುಗಳು ಎಲ್ಲೂ ಹೋಗಿರುವುದಿಲ್ಲ.

ಎಂಬಿಆರ್‌ನಿಂದ ಜಿಪಿಟಿಗೆ ಬದಲಿಸಲು ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ ಎಂಬ ಸಾಧನವಿದೆ. ಡೇಟಾ ಅಳಿಸದೆ ಬದಲಿಸುತ್ತದೆ. ಆದರೆ ಅದಕ್ಕೆ ಷರತ್ತುಗಳಿವೆ. ಡಿಸ್ಕಿನಲ್ಲಿ ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಜಾಸ್ತಿ ಇರಬಾರದು. ಲಾಜಿಕಲ್ ಪಾರ್ಟಿಶನ್ ಒಂದೂ ಇರಬಾರದು. ನಮ್ಮ ಕಡೆ ಅಸೆಂಬಲ್ ಮಾಡಿಸಿದ ಮೆಷಿನ್‌ಗಳಲ್ಲಿ ಇದೇ ಕೈಕೊಡುವುದು. ಕಣ್ಣಿಗೆ ಕಾಣದ ಸಿಸ್ಟಂ ರಿಸರ್ವ್ಡ್ ಒಂದು, ಸಿ, ಡಿ, ಇ ಮೂರು. ಅಲ್ಲಿಗೆ ನಾಲ್ಕಾಯಿತು. ವ್ಯಾಲಿಡೇಶನ್ ಫೇಲ್ಡ್ ಎಂದು ನಿಲ್ಲುತ್ತದೆ. ಇ ಡ್ರೈವನ್ನು ಖಾಲಿ ಮಾಡಿ, ಅಳಿಸಿ, ಮತ್ತೆ ಓಡಿಸುವವರಿದ್ದಾರೆ. ಮಾಡಬಹುದು. ನಾನು ನಿಮಗೆ ಅದನ್ನು ಹೇಳುವುದಿಲ್ಲ.

ನನ್ನ ಸಲಹೆ ಬೇರೆ. ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್, ಅಂದರೆ ಒಂದು 500 ಜಿಬಿ ಎಸ್‌ಎಸ್‌ಡಿ ಕೊಳ್ಳಿ. ವಿಂಡೋಸ್ 11ನ್ನು ಅದರ ಮೇಲೆ ಹೊಸದಾಗಿ ಹಾಕಿಸಿ. ಹಳೇ ಹಾರ್ಡ್ ಡಿಸ್ಕನ್ನು ಮುಟ್ಟಬೇಡಿ. ಇದಕ್ಕೆ ಕಾರಣಗಳಿವೆ. 2019ರ ತಿರುಗುವ ಡಿಸ್ಕ್ ಮೇಲೆ ವಿಂಡೋಸ್ 11 ಹಾಕಿದರೆ ಹಾಕುವುದಕ್ಕೇ ಗಂಟೆಗಳು ಬೇಕು, ಆಮೇಲೆ ದಿನಾ ಮೆಷಿನ್ ತೆರೆಯಲು ಕಾಯುವುದೂ ಇರುತ್ತದೆ. ಎಸ್‌ಎಸ್‌ಡಿ ಹಾಕಿದ ಒಂಬತ್ತನೇ ಜನರೇಶನ್ ಐ5 ಮನೆ ಕೆಲಸಕ್ಕೆ ಇನ್ನೂ ಹಲವು ವರ್ಷ ಚೆನ್ನಾಗಿ ನಡೆಯುತ್ತದೆ. ಇದಕ್ಕಿಂತ ದೊಡ್ಡ ಕಾರಣ ಏನೆಂದರೆ ಹಿಂದಕ್ಕೆ ಬರುವ ದಾರಿ ಪೂರ್ತಿ ತೆರೆದಿರುತ್ತದೆ. ಏನೇ ಎಡವಟ್ಟಾದರೂ ಹಳೇ ಡಿಸ್ಕಿನ ಕೇಬಲ್ ಹಾಕಿ, ಸಿಎಸ್‌ಎಂ ಆನ್ ಮಾಡಿದರೆ ನಿಮ್ಮ ವಿಂಡೋಸ್ 10 ಇದ್ದ ಹಾಗೇ ಬರುತ್ತದೆ. ಪಾರ್ಟಿಶನ್ ತಾಪತ್ರಯವೂ ಇಲ್ಲ. ಎಸ್‌ಎಸ್‌ಡಿ ಕೊಳ್ಳುವ ಮೊದಲು ಮದರ್‌ಬೋರ್ಡಿನ ಮಾಡೆಲ್ ನಂಬರ್ ನೋಡಿಕೊಳ್ಳಿ. ಎಂ.2 ಜಾಗ ಇದ್ದರೆ ಆ ಥರದ್ದು, ಇಲ್ಲದಿದ್ದರೆ ಸಾಟಾ ಕೇಬಲಿನದು.

ಅಂಗಡಿಯವರ ಹತ್ತಿರವೇ ಮಾಡಿಸುವುದಾದರೆ ಒಂದೇ ಒಂದು ಮಾತು ಗಟ್ಟಿಯಾಗಿ ಹೇಳಿ: ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತು ಆಮೇಲೆ ಇನ್‌ಸ್ಟಾಲ್ ಶುರು ಮಾಡಿ. ಇದರಲ್ಲಿ ಸಂಕೋಚ ಬೇಡ. ಎರಡೂ ಡಿಸ್ಕ್ ಇದ್ದರೆ ಯಾವುದು ಯಾವುದೆಂದು ತಪ್ಪಿ ಹಳೆಯದನ್ನು ಅಳಿಸಿಬಿಡುವ ಅಪಾಯ ಇದೆ. ಅಲ್ಲದೆ ವಿಂಡೋಸ್ ತನ್ನ ಬೂಟ್ ಫೈಲುಗಳನ್ನು ಹಳೇ ಡಿಸ್ಕಿನಲ್ಲಿ ಇಟ್ಟುಕೊಂಡರೆ, ಮುಂದೆ ಅದನ್ನು ತೆಗೆದ ದಿನ ಹೊಸ ವಿಂಡೋಸ್ ತೆರೆಯುವುದಿಲ್ಲ.

ಲೈಸೆನ್ಸಿನ ಬಗ್ಗೆ ಹೇಳಬೇಕು. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಟಿವೇಶನ್ ಪುಟ ನೋಡಿ. ಡಿಜಿಟಲ್ ಲೈಸೆನ್ಸ್‌ನೊಂದಿಗೆ ಆ್ಯಕ್ಟಿವೇಟ್ ಆಗಿದೆ ಎಂದಿದ್ದರೆ ಒಳ್ಳೆಯದು. ಅದು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಡಿಸ್ಕ್ ಬದಲಿಸಿದರೆ ಹೋಗುವುದಿಲ್ಲ. ವಿಂಡೋಸ್ 10ರ ಲೈಸೆನ್ಸ್ ವಿಂಡೋಸ್ 11ಕ್ಕೂ ನಡೆಯುತ್ತದೆ, ಬೇರೆ ದುಡ್ಡಿಲ್ಲ. ಅಲ್ಲೇ ನಿಮ್ಮದು ಹೋಮ್ ಎಡಿಷನ್ನೋ ಪ್ರೊ ಎಡಿಷನ್ನೋ ಬರೆದುಕೊಳ್ಳಿ. ಹೊಸದಾಗಿ ಹಾಕುವಾಗ ಕೀ ಕೇಳಿದರೆ ನನ್ನ ಬಳಿ ಪ್ರಾಡಕ್ಟ್ ಕೀ ಇಲ್ಲ ಎಂಬುದನ್ನು ಆರಿಸಿ, ಅದೇ ಎಡಿಷನ್ ಹಾಕಬೇಕು. ಅಸೆಂಬಲ್ ಮಾಡಿದ ಕೆಲವು ಮೆಷಿನ್‌ಗಳಲ್ಲಿ ಕ್ರ್ಯಾಕ್ ಮಾಡಿದ ವಿಂಡೋಸ್ ಇರುತ್ತದೆ. ನಿಮ್ಮದರಲ್ಲಿ ಹಾಗಿದ್ದರೆ ಈಗಲೇ ಅಸಲಿ ಲೈಸೆನ್ಸ್ ಕೊಂಡುಬಿಡಿ. ಸಂಘದ ಲೆಕ್ಕ, ಬ್ಯಾಂಕ್ ವ್ಯವಹಾರ ನಡೆಯುವ ಮೆಷಿನ್‌ನಲ್ಲಿ ಕ್ರ್ಯಾಕ್ ಬೇಡವೇ ಬೇಡ. ಆಫೀಸ್ ಪ್ಯಾಕೇಜಿಗೂ ಇದೇ ಮಾತು. ಅದನ್ನು ಯಾವ ಇಮೇಲ್ ಅಕೌಂಟಿನಲ್ಲಿ ಕೊಂಡಿರಿ ಎಂದು ಈಗಲೇ ಪತ್ತೆಮಾಡಿ. ಆಫೀಸ್ 2016 ಮತ್ತು 2019ಕ್ಕೂ ಅದೇ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿದಿದೆ.

ಪಾಸ್‌ವರ್ಡುಗಳು ಇನ್ನೊಂದು ಬಲೆ. ವರ್ಷಗಟ್ಟಲೆ ಬ್ರೌಸರೇ ನೆನಪಿಟ್ಟುಕೊಂಡಿರುತ್ತದೆ, ನಮಗೆ ಒಂದೂ ನೆನಪಿರುವುದಿಲ್ಲ. ಕ್ರೋಮ್ ಬಳಸುತ್ತಿದ್ದರೆ ನಿಮ್ಮ ಗೂಗಲ್ ಅಕೌಂಟಿನಿಂದ ಸೈನ್ ಇನ್ ಆಗಿ ಸಿಂಕ್ ಆನ್ ಮಾಡಿ. ಬುಕ್‌ಮಾರ್ಕ್, ಪಾಸ್‌ವರ್ಡ್ ಎರಡೂ ಹೊಸ ವಿಂಡೋಸ್‌ಗೆ ಬರುತ್ತವೆ. ಮೈಕ್ರೋಸಾಫ್ಟ್ ಮತ್ತು ಗೂಗಲ್ ಅಕೌಂಟಿನ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್ ಇಷ್ಟನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಆ ಅಕೌಂಟುಗಳಿಗೆ ಓಟಿಪಿ ಬರುವ ಫೋನ್ ನಂಬರ್ ಈಗಲೂ ನಿಮ್ಮದೇ ಇದೆಯೇ ಎಂದೂ ನೋಡಿ.

ಪ್ರಿಂಟರ್ ಹಳೆಯದಾದರೆ ಅದರ ಕಂಪನಿಯ ಸೈಟಿಗೆ ಹೋಗಿ 64 ಬಿಟ್ ಡ್ರೈವರ್ ಇದೆಯೇ ನೋಡಿ, ಮೊದಲೇ ಡೌನ್‌ಲೋಡ್ ಮಾಡಿ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿಡಿ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಮದರ್‌ಬೋರ್ಡಿನ ನೆಟ್‌ವರ್ಕ್ ಡ್ರೈವರನ್ನೂ ಹಾಗೇ ಇಟ್ಟುಕೊಂಡರೆ ಒಳ್ಳೆಯದು. ಹೊಸ ವಿಂಡೋಸ್ ಹಾಕುವಾಗಲೇ ಇಂಟರ್ನೆಟ್ ಬೇಕಾಗುತ್ತದೆ.

ಇನ್‌ಸ್ಟಾಲ್ ಮಾಡಲು ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು. ಮೈಕ್ರೋಸಾಫ್ಟ್ ಸೈಟಿನಲ್ಲಿ ಸಿಗುವ ಮೀಡಿಯಾ ಕ್ರಿಯೇಶನ್ ಟೂಲ್ ಅದನ್ನು ತಯಾರು ಮಾಡಿಕೊಡುತ್ತದೆ. ಪೆನ್‌ಡ್ರೈವಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ಕೊಡಿ. ಡೌನ್‌ಲೋಡ್ 5 ಜಿಬಿಗೂ ಮೇಲೆ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ 1.5 ಅಥವಾ 2 ಜಿಬಿ ಪ್ಯಾಕ್ ಇಟ್ಟುಕೊಂಡು ಇದು ಆಗುವುದಿಲ್ಲ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದಿದ್ದರೆ ಅಂಗಡಿಯವರ ಹತ್ತಿರವೇ ಪೆನ್‌ಡ್ರೈವ್ ಮಾಡಿಸಿ, ಮೈಕ್ರೋಸಾಫ್ಟ್ ಸೈಟಿನಿಂದಲೇ ಇಳಿಸಿದ್ದು ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ.

ಆ ದಿನ ಯುಪಿಎಸ್ ಸರಿಯಿರಬೇಕು. ಇನ್‌ಸ್ಟಾಲ್ ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ, ಅಷ್ಟೇ. ಬಯಾಸ್ ಅಪ್‌ಡೇಟ್ ಮಾಡುವಾಗ ಹೋದರೆ ಮಾತ್ರ ಮದರ್‌ಬೋರ್ಡೇ ಸಾಯಬಹುದು. ಹಾಗಾಗಿ ಅಂಗಡಿಯವರು ಬಯಾಸ್ ಅಪ್‌ಡೇಟ್ ಮಾಡೋಣ ಎಂದರೆ ಯಾಕೆ ಎಂದು ಕೇಳಿ. ಪಿಟಿಟಿ ಆಯ್ಕೆ ಈಗಿನ ಬಯಾಸ್‌ನಲ್ಲೇ ಸಿಕ್ಕಿದರೆ ಸುಮ್ನೆ ಅಪ್‌ಡೇಟ್ ಮಾಡುವ ಅಗತ್ಯವಿಲ್ಲ.

ವಿಂಡೋಸ್ 11 ಎದ್ದ ಮೇಲೆ ಒಂದು ಕೆಲಸವನ್ನು ಮರೆಯಬೇಡಿ. 24ಎಚ್2 ಮತ್ತು ಅದರ ನಂತರದ ಆವೃತ್ತಿಗಳನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಸೈನ್ ಇನ್ ಆದರೆ, ಹೆಚ್ಚಿನ ಮೆಷಿನ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ. ಕಳ್ಳತನವಾದರೆ ಒಳ್ಳೆಯ ರಕ್ಷಣೆ. ಆದರೆ ಮುಂದೆಂದಾದರೂ ಬಯಾಸ್ ಬದಲಾದರೆ, ಬೋರ್ಡ್ ಕೆಟ್ಟರೆ, 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದಿಲ್ಲದೆ ಡಿಸ್ಕ್ ತೆರೆಯಲು ಯಾರಿಂದಲೂ ಆಗದು. ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆನ್ ಇದೆಯೇ ನೋಡಿ. ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನ ಪುಟದಲ್ಲಿ ಆ ಕೀ ಇರುತ್ತದೆ. ಅದನ್ನು ಪ್ರಿಂಟ್ ತೆಗೆದು ಆ ಪಾಸ್‌ವರ್ಡ್ ಕಾಗದದ ಜೊತೆಗೇ ಇಡಿ. ಹೊಸ ಲ್ಯಾಪ್‌ಟಾಪ್ ಕೊಂಡವರೂ ಇದನ್ನು ನೋಡಿಕೊಳ್ಳಬೇಕು. ಎಷ್ಟೋ ಜನರಿಗೆ ಎನ್‌ಕ್ರಿಪ್ಶನ್ ಆನ್ ಆಗಿರುವುದೇ ಗೊತ್ತಿರುವುದಿಲ್ಲ.

ಆಮೇಲೆ ಮೆಷಿನ್ ಆಫ್ ಮಾಡಿ ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಮತ್ತೆ ಹಾಕಿಸಿ. ಡಿ, ಇ ಡ್ರೈವ್‌ಗಳು ಹಾಗೇ ಕಾಣುತ್ತವೆ, ಅಕ್ಷರ ಮಾತ್ರ ಬದಲಾಗಿರಬಹುದು. ಹಳೇ ಸಿ ಡ್ರೈವಿನ ಯೂಸರ್ಸ್ ಫೋಲ್ಡರ್ ತೆರೆಯುವಾಗ ಅನುಮತಿ ಇಲ್ಲ ಎಂದು ಕೇಳಿದರೆ ಕಂಟಿನ್ಯೂ ಒತ್ತಿ. ನುಡಿ ಹಾಕಿ, ಫಾಂಟುಗಳನ್ನು ಹಾಕಿ, ಒಂದು ಹಳೇ ಲೇಖನ ತೆರೆದು ನೋಡಿ. ಪ್ರಿಂಟ್ ತೆಗೆಯಿರಿ. ಮನೆಯವರ ಲೆಕ್ಕದ ಫೈಲ್ ಅವರ ಕೈಯಲ್ಲೇ ತೆರೆಸಿ. ಕನಿಷ್ಠ ಒಂದು ತಿಂಗಳು, ಸಂಘದ ಒಂದು ತಿಂಗಳ ಲೆಕ್ಕ ಹೊಸ ವಿಂಡೋಸ್‌ನಲ್ಲಿ ಮುಗಿಯುವವರೆಗೆ, ಹಳೇ ಡಿಸ್ಕಿನಿಂದ ಏನನ್ನೂ ಅಳಿಸಬೇಡಿ.

ಎಸ್‌ಎಸ್‌ಡಿ ಮೊದಲೇ ಇದ್ದು, ಪರೀಕ್ಷೆಯಲ್ಲಿ ಎಲ್ಲ ಸರಿಯೆಂದು ಬಂದ ಓದುಗರಿಗೆ ಇಷ್ಟೆಲ್ಲ ಬೇಡ. ಅವರು ವಿಂಡೋಸ್ ಅಪ್‌ಡೇಟ್‌ನಿಂದಲೇ ಹೋಗಬಹುದು. ಸಿ ಡ್ರೈವಿನಲ್ಲಿ 30 ಜಿಬಿಯಷ್ಟು ಖಾಲಿ ಮಾಡಿಕೊಳ್ಳಿ, ಬೇರೆ ಕಂಪನಿಯ ಆ್ಯಂಟಿವೈರಸ್ ಇದ್ದರೆ ತೆಗೆಯಿರಿ, ಪ್ರಿಂಟರ್ ಪೆನ್‌ಡ್ರೈವ್ ಎಲ್ಲ ಕಿತ್ತಿಡಿ. ಇಷ್ಟವಾಗದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿ ಪುಟದಿಂದ ವಿಂಡೋಸ್ 10ಕ್ಕೆ ಮರಳಬಹುದು. ಅಷ್ಟು ದಿನ ಡಿಸ್ಕ್ ಕ್ಲೀನಪ್ ಓಡಿಸಬೇಡಿ. ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸಿದರೆ ಮರಳುವ ದಾರಿ ಮುಚ್ಚಿತು. ಬ್ಯಾಕಪ್ ಮಾತ್ರ ಅವರಿಗೂ ಬೇಕು.

ಇನ್ನು ನಿಮ್ಮ 2014ರ ಲ್ಯಾಪ್‌ಟಾಪ್. ಅದಕ್ಕೆ ಸರಿಯಾದ ದಾರಿಯಲ್ಲಿ ವಿಂಡೋಸ್ 11 ಬರುವುದಿಲ್ಲ. ಪರೀಕ್ಷೆಯನ್ನು ತಪ್ಪಿಸಿ ಹಾಕುವ ಉಪಾಯಗಳಿವೆ, ಅಂಗಡಿಗಳಲ್ಲೂ ಹಾಕಿಕೊಡುತ್ತಾರೆ. ಹಾಗೆ ಹಾಕಿದ ಮೆಷಿನ್‌ಗಳಿಗೆ ಅಪ್‌ಡೇಟ್ ಸಿಗುವ ಖಾತ್ರಿ ಇಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಸೆಕ್ಯೂರಿಟಿ ಅಪ್‌ಡೇಟ್ ಬೇಕೆಂದೇ ಇಷ್ಟೆಲ್ಲ ಮಾಡುತ್ತಿರುವಾಗ ಅದೇ ಖಾತ್ರಿ ಇಲ್ಲದ ದಾರಿ ಯಾಕೆ ಅಲ್ವಾ? ಇಎಸ್‌ಯುಗೆ ಸೇರಿಸಿ 2026ರ ಅಕ್ಟೋಬರ್‌ವರೆಗೆ ವಿಂಡೋಸ್ 10ರಲ್ಲೇ ಬಳಸಿ. ಅದಾದ ಮೇಲೆ ವಿಂಡೋಸ್ ಬದಲಿಗೆ ಹಾಕುವ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ನೋಡಬಹುದು. ಅದು ಉಚಿತ. ಪೆನ್‌ಡ್ರೈವಿನಿಂದಲೇ ಓಡಿಸಿ, ಡಿಸ್ಕನ್ನು ಮುಟ್ಟದೆ ಪರೀಕ್ಷೆ ಮಾಡಬಹುದು. ಬ್ರೌಸರ್, ವಿಡಿಯೋ ಕರೆ, ಫೋಟೋ, ಲಿಬ್ರೆ ಆಫೀಸ್ ಎಲ್ಲ ನಡೆಯುತ್ತದೆ. ನುಡಿ ತಂತ್ರಾಂಶ ಅದರಲ್ಲಿ ಓಡುವುದಿಲ್ಲ, ಆದರೆ ನಿಮ್ಮ ಬೆರಳಿಗೆ ಅಭ್ಯಾಸವಾದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಬೋರ್ಡ್ ವಿನ್ಯಾಸ ಲಿನಕ್ಸ್‌ನ ಟೈಪಿಂಗ್ ಸಾಧನವಾದ ಐಬಸ್ ಮೂಲಕ ಸಿಗುತ್ತದೆ, ಯೂನಿಕೋಡ್‌ನಲ್ಲೇ ಟೈಪ್ ಆಗುತ್ತದೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅಳಿಸುವ ಮೊದಲು ಅದರ ಸಿ ಡ್ರೈವಿನ ಫೈಲುಗಳನ್ನೂ ಫಾಂಟುಗಳನ್ನೂ ಮೇಲೆ ಹೇಳಿದ ಹಾಗೇ ಕಾಪಿ ಮಾಡಿ, ಡೆಸ್ಕ್‌ಟಾಪಿನಲ್ಲಿ ತೆರೆದು ನೋಡಿ.